ಬಾಗಿದ ಹಿಡಿಯನ್ನು ಬಾಗಿಲಿಗೆ ಸರಿಯಾಗಿ ಕೂರಿಸುವ ಕ್ರಮ

ದಾವಣಗೆರೆಯ ನಮ್ಮ ಮನೆಯನ್ನು ದುರಸ್ತಿ ಮಾಡಿಸಿದಾಗ ಒಳಬಾಗಿಲುಗಳ ಹಳೆಯ ಗುಂಡು ಹಿಡಿಗಳನ್ನು ತೆಗೆಸಿ, ಒತ್ತಿದರೆ ಕೆಳಗಿಳಿಯುವ ಬಾಗಿದ ಹಿಡಿಗಳನ್ನು ಹಾಕಿಸಿದ್ದೆವು. ಸಂಧಿವಾತದಿಂದ ಬೆರಳು ಬಾತಿರುವ ನನ್ನ ತಾಯಿಗೆ ಗುಂಡು ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ತಿರುಗಿಸಲು ಆಗುತ್ತಿರಲಿಲ್ಲ. ಬಾಗಿದ ಹಿಡಿಯಾದರೆ ಅಂಗೈಯಿಂದಲೋ ಮೊಣಕೈಯಿಂದಲೋ ಒತ್ತಿದರೆ ಸಾಕು. ಆದರೆ ಅಡುಗೆಮನೆಯ ಬಾಗಿಲಿನಲ್ಲಿ ಒಂದು ತಪ್ಪು ಉಳಿದುಹೋಗಿತ್ತು. ಕೆಲಸದವರು ಹೊರಗಿನ ಹಿಡಿಯನ್ನು ಒಳಗೆ, ಒಳಗಿನದನ್ನು ಹೊರಗೆ ಹಾಕಿದ್ದರು. ಅವು ಚೌಕಟ್ಟಿನ ಕಡೆಗೆ ಮುಖ ಮಾಡಿದ್ದನ್ನು ಕಂಡು ಎರಡನ್ನೂ ಅರ್ಧ ಸುತ್ತು ತಿರುಗಿಸಿ ಬಿಗಿದುಬಿಟ್ಟಿದ್ದರು. ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಬಾಗು ಮಾತ್ರ ಬುಡಮೇಲಾಗಿ ತುದಿ ಮೇಲಕ್ಕೆದ್ದು ನಿಂತಿತ್ತು. ಹದಿನೈದು ದಿನ ಕಳೆಯುವುದರೊಳಗೆ ಆ ತುದಿಗೆ ತಾಯಿಯ ಸೆರಗು ಸಿಕ್ಕಿಕೊಂಡು, ಕೈಯಲ್ಲಿದ್ದ ಬಿಸಿ ಸಾರಿನ ಪಾತ್ರೆ ಜಾರಿ, ಅವರ ಪಾದ ಸುಟ್ಟಿತು.

ಆ ಹಿಡಿಯನ್ನು ಅಂದೇ ಬಿಚ್ಚಿ ನಾನೇ ಸರಿಪಡಿಸಿದೆ. ಆಮೇಲೆ ನಮ್ಮ ಓಣಿಯ ಹಿರಿಯ ಆಚಾರಿಯೊಬ್ಬರ ಬಳಿ ಕುಳಿತು ಈ ಕೆಲಸವನ್ನು ಮೊದಲಿನಿಂದ ಕಲಿತೆ. ಬಂಧುಗಳ ಮನೆಗಳಲ್ಲಿಯೂ ಹಲವು ಬಾಗಿಲುಗಳಿಗೆ ಹಿಡಿ ಕೂರಿಸಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ತೂತು ಕೊರೆಯುವುದು ಈ ಕೆಲಸದ ಕೊನೆಯ ಭಾಗ, ಬಾಗು ಯಾವ ಕಡೆಗೆ ನೋಡಬೇಕು, ಬೆರಳಿನ ಗೆಣ್ಣುಗಳಿಗೆ ಎಷ್ಟು ಜಾಗ ಬೇಕು ಎಂಬುದನ್ನು ಬಾಗಿಲ ಮುಂದೆ ನಿಂತು, ಕೈಯಿಟ್ಟು ನೋಡಿ ತೀರ್ಮಾನಿಸುವುದೇ ಮೊದಲ ಭಾಗ. ತಿರುಪನ್ನು ಬಿಚ್ಚಿ ಮತ್ತೆ ಹಾಕಬಹುದು, ಮರದಲ್ಲಿ ಬಿದ್ದ ತೂತನ್ನು ಹಿಂತೆಗೆದುಕೊಳ್ಳಲಾಗುವುದಿಲ್ಲ.

ಬಾಗು ಯಾವ ಕಡೆಗಿರಬೇಕು

ಮನೆಗಳಲ್ಲಿ ಬಳಕೆಯಾಗುವ ಬಾಗಿದ ಹಿಡಿಗಳು ಮುಖ್ಯವಾಗಿ ಎರಡು ಬಗೆಯವು. ಎರಡು ಕಾಲುಗಳ ಮೇಲೆ ಕಮಾನಿನಂತೆ ನಿಂತು, ಬಾಗಿಲನ್ನು ಎಳೆಯಲು ಮಾತ್ರ ಬಳಕೆಯಾಗುವ ಹಿಡಿ ಒಂದು. ಅಂಗಡಿಯಲ್ಲಿ ಇದರ ಸಾಮಾನ್ಯ ರೂಪವನ್ನು ಡಿ ಹ್ಯಾಂಡಲ್ ಎನ್ನುತ್ತಾರೆ. ಬಾಗಿಲ ಅಂಚಿನೊಳಗೆ ಕೂರುವ ಮಾರ್ಟಿಸ್ ಬೀಗಕ್ಕೆ ಜೋಡಿಸಿ, ಕೆಳಕ್ಕೆ ಒತ್ತಿದಾಗ ನಾಲಿಗೆ ಒಳಸರಿಯುವಂತೆ ಮಾಡುವ ಹಿಡಿ ಮತ್ತೊಂದು. ಎರಡರಲ್ಲಿಯೂ ಬಾಗಿಗೆ ದಿಕ್ಕಿದೆ, ಆದರೆ ದಿಕ್ಕನ್ನು ನಿರ್ಧರಿಸುವ ಕಾರಣಗಳು ಬೇರೆ.

ಒತ್ತುವ ಹಿಡಿಯಲ್ಲಿ ಉಬ್ಬು ಮೇಲಕ್ಕೆ, ಹುಬ್ಬಿನ ಹಾಗೆ, ಇರಬೇಕು. ತುದಿ ಕೆಳಕ್ಕೆ ಇಳಿದು, ಸಾಧ್ಯವಾದರೆ ಬಾಗಿಲ ಹಲಗೆಯ ಕಡೆಗೆ ಹೊರಳಿರಬೇಕು. ಅಂಗೈ ಉಬ್ಬಿನ ಮೇಲೆ ಕೂತಾಗ ಒತ್ತಡ ಒಂದೇ ಕಡೆ ಚುಚ್ಚದೆ ಹರಡುತ್ತದೆ, ಕೈ ಜಾರಿದರೂ ತುದಿಯ ಕಡೆಗೆ ಇಳಿಜಾರಾಗಿ ಜಾರುತ್ತದೆ. ತುದಿ ಮೇಲಕ್ಕಿದ್ದರೆ ಸೆರಗು, ಚೀಲದ ಪಟ್ಟಿ, ಮಕ್ಕಳ ಅಂಗಿಯ ತೋಳು, ಬಾಗಿಲ ಪರದೆ ಎಲ್ಲವೂ ಸಿಕ್ಕಿಕೊಳ್ಳುತ್ತವೆ. ಹೊಸದಾಗಿ ಕೊಳ್ಳುವವರಿಗೆ, ಮನೆಯಲ್ಲಿ ವಯಸ್ಸಾದವರೋ ಚಿಕ್ಕ ಮಕ್ಕಳೋ ಇದ್ದರೆ, ತುದಿ ಬಾಗಿಲ ಕಡೆಗೆ ಮರಳಿ ಬರುವ ಮಾದರಿಯನ್ನೇ ಆರಿಸಿಕೊಳ್ಳಿ ಎಂದು ನಾನು ಒತ್ತಾಯಿಸಿ ಹೇಳುತ್ತೇನೆ.

ಇಂತಹ ಹಿಡಿಗಳು ಜೋಡಿಯಾಗಿ ಬರುತ್ತವೆ ಮತ್ತು ಬಾಗು ಇರುವ ಮಾದರಿಯಲ್ಲಿ ಒಂದು ಮತ್ತೊಂದರ ಕನ್ನಡಿ ಬಿಂಬವಾಗಿರುತ್ತದೆ. ಆದುದರಿಂದ ಒಂದು ಎಡದ್ದು, ಒಂದು ಬಲದ್ದು. ಬಾಗಿಲ ಮುಂದೆ ನಿಂತಾಗ ಬಿಜಾಗರಿ ಎಡಕ್ಕಿದ್ದರೆ ಆ ಬದಿಗೆ ಎಡಕ್ಕೆ ಚಾಚುವ ಹಿಡಿ, ಬಲಕ್ಕಿದ್ದರೆ ಬಲಕ್ಕೆ ಚಾಚುವ ಹಿಡಿ ಬೇಕು. ಅಂದರೆ ಹಿಡಿಯ ತುದಿ ಯಾವಾಗಲೂ ಬಿಜಾಗರಿಯ ಕಡೆಗೆ ನೋಡುತ್ತದೆ. ಉದ್ದ ಪಟ್ಟಿಯ ಮೇಲೆ ಕೂತಿರುವ ಹಿಡಿಯಲ್ಲಿ ಅದಲು ಬದಲಾದರೆ ಬೀಗದ ಕೈ ತೂರಿಸುವ ತೂತು ತಲೆಕೆಳಗಾಗುವುದರಿಂದ ತಪ್ಪು ತಾನಾಗಿ ಗೊತ್ತಾಗುತ್ತದೆ. ಚಿಕ್ಕ ಗುಂಡು ಬಿಲ್ಲೆಯ ಮೇಲೆ ಕೂರುವ ಹಿಡಿಯಲ್ಲಿ ಆ ರಕ್ಷಣೆ ಇಲ್ಲ. ಅಂತಹ ಹಿಡಿಯೊಳಗಿನ ಸ್ಪ್ರಿಂಗ್ ಒಂದೇ ದಿಕ್ಕಿಗೆ ಕೆಲಸ ಮಾಡುವಂಥದ್ದಾದರೆ, ಅರ್ಧ ಸುತ್ತು ತಿರುಗಿಸಿ ಹಾಕಿದ ಹಿಡಿ ಒತ್ತಲು ಒಪ್ಪುವುದಿಲ್ಲ ಅಥವಾ ಜೋತುಬೀಳುತ್ತದೆ. ಎರಡೂ ದಿಕ್ಕಿಗೆ ಕೆಲಸ ಮಾಡುವ ಸ್ಪ್ರಿಂಗ್ ಇದ್ದರೆ ಎಲ್ಲವೂ ಸರಿಯಿದ್ದಂತೆ ತೋರುತ್ತದೆ, ನಮ್ಮ ಅಡುಗೆಮನೆಯಲ್ಲಿ ಆದದ್ದು ಅದೇ. ಕೆಲವು ಮಾದರಿಗಳಲ್ಲಿ ಬಿಲ್ಲೆಯ ಬೆನ್ನಿನಲ್ಲಿರುವ ಒಂದು ಚಿಕ್ಕ ತಿರುಪನ್ನು ಪಕ್ಕದ ತೂತಿಗೆ ಬದಲಿಸಿದರೆ ಎಡದ ಸ್ಪ್ರಿಂಗ್ ಬಲಕ್ಕೆ ಒಗ್ಗುತ್ತದೆ; ಆದರೆ ಇದರಿಂದ ಸ್ಪ್ರಿಂಗಿನ ದಿಕ್ಕು ಬದಲಾಗುತ್ತದೆಯೇ ಹೊರತು ಬಾಗಿನ ದಿಕ್ಕು ಬದಲಾಗುವುದಿಲ್ಲ.

ಎಳೆಯುವ ಹಿಡಿಗೆ ಬಂದರೆ, ಬಾಗಿಲಿನಿಂದ ಹೊರಕ್ಕೆ ಉಬ್ಬಿರುವ ಸಮಪ್ರಮಾಣದ ಕಮಾನು ಮೇಲೆ ಕೆಳಗೆ ಹೇಗೆ ಹಾಕಿದರೂ ಒಂದೇ. ಒಂದು ತುದಿ ದಪ್ಪವಾಗಿ ಮತ್ತೊಂದು ಸಣ್ಣಗಾಗುವ ಮಾದರಿಯಾದರೆ, ಬೆರಳು ತೂರಲು ಹೆಚ್ಚು ಜಾಗವಿರುವ ಭಾಗ ಮೊಣಕೈಯ ಎತ್ತರಕ್ಕೆ ಬರುವಂತೆ ನೋಡಿಕೊಳ್ಳಬೇಕು. ಬಾಗಿಲ ಮೇಲೆಯೇ ಪಕ್ಕಕ್ಕೆ ಬಾಗಿರುವ, ಬಿದಿಗೆಯ ಚಂದ್ರನಂತಹ ಹಿಡಿಯಲ್ಲಿ ವಿಚಾರ ಬೇರೆ. ಮುಂಬಾಗಿಲು ಜೋಡಿ ಕದಗಳದ್ದಾದರೆ, ಮುಚ್ಚಿದಾಗ ಎರಡು ಹಿಡಿಗಳೂ ಸೇರಿ ಒಂದು ವೃತ್ತದಂತೆ ಕಾಣಬೇಕು. ಎಂದರೆ ಉಬ್ಬುಗಳು ಹೊರಕ್ಕೆ, ತುದಿಗಳು ಕದಗಳು ಸೇರುವ ಗೆರೆಯ ಕಡೆಗೆ. ಉಬ್ಬುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಹಾಕಿದರೆ ಎರಡೂ ಹಿಡಿಗಳ ಹಿಡಿತದ ಭಾಗ ಒಂದೇ ಕಡೆ ಬಂದು, ಒಂದು ಕದ ಎಳೆಯುವಾಗ ಗೆಣ್ಣು ಮತ್ತೊಂದಕ್ಕೆ ತಾಗುತ್ತದೆ. ಒಂಟಿ ಕದಕ್ಕೂ ಇದೇ ನ್ಯಾಯ: ಉಬ್ಬು ಬಿಜಾಗರಿಯ ಕಡೆಗೆ, ತುದಿಗಳು ಚೌಕಟ್ಟಿನ ಕಡೆಗೆ.

ಕೊಳ್ಳುವಾಗ ನೋಡಬೇಕಾದುದು

ಅಂಗಡಿಗೆ ಹೋಗುವ ಮುನ್ನ ಬಾಗಿಲ ದಪ್ಪವನ್ನು ಅಳೆದು ಬರೆದುಕೊಳ್ಳಬೇಕು. ಎರಡೂ ಮುಖ ಸಪಾಟಾಗಿರುವ ಫ್ಲಶ್ ಬಾಗಿಲುಗಳು ಸಾಮಾನ್ಯವಾಗಿ 30 ಅಥವಾ 35 ಮಿ.ಮೀ. ಇರುತ್ತವೆ, ಸಾಗುವಾನಿ ಮುಂಬಾಗಿಲು ಇನ್ನೂ ದಪ್ಪ. ಎರಡು ಹಿಡಿಗಳನ್ನು ಜೋಡಿಸುವ ಚೌಕ ಕಂಬಿ ಈ ದಪ್ಪಕ್ಕೆ ಹೊಂದಬೇಕು. ಅದರ ಅಗಲ ಹೆಚ್ಚಾಗಿ 8 ಮಿ.ಮೀ. ಇರುತ್ತದೆ, ಹಳೆಯ ಬೀಗವನ್ನೇ ಉಳಿಸಿಕೊಂಡು ಹಿಡಿ ಮಾತ್ರ ಬದಲಿಸುವವರು ಹಳೆಯ ಕಂಬಿಯನ್ನು ಜೇಬಿನಲ್ಲಿ ಹಾಕಿಕೊಂಡು ಹೋಗುವುದು ಒಳ್ಳೆಯದು. ಎಳೆಯುವ ಹಿಡಿಯಲ್ಲಿ ಪೆಟ್ಟಿಗೆಯ ಮೇಲಿನ ಅಳತೆ ಕೆಲವೊಮ್ಮೆ ಹಿಡಿಯ ಒಟ್ಟು ಉದ್ದದ್ದು, ಕೆಲವೊಮ್ಮೆ ಒಂದು ತೂತಿನ ನಡುವಿನಿಂದ ಮತ್ತೊಂದರ ನಡುವಿಗೆ ಇರುವ ದೂರದ್ದು. ಹಳೆಯ ತೂತುಗಳಿಗೇ ಹೊಂದಿಸಬೇಕೆಂದಿದ್ದರೆ ಬೇಕಾದುದು ಎರಡನೆಯ ಅಳತೆ.

ಲೋಹದ ವಿಚಾರದಲ್ಲಿ ಒಂದು ತಪ್ಪು ನಂಬಿಕೆ ಇದೆ. ಅಯಸ್ಕಾಂತ ಅಂಟದಿದ್ದರೆ ಅದು ಒಳ್ಳೆಯ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಎನ್ನುತ್ತಾರೆ. ಆದರೆ ಅಗ್ಗದ 202 ದರ್ಜೆಗೂ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ, ಜಿಂಕ್ ಎರಕಕ್ಕೂ ಅಂಟುವುದಿಲ್ಲ. ಹಿಡಿಯ ಮೇಲೋ ಪೆಟ್ಟಿಗೆಯ ಮೇಲೋ ದರ್ಜೆ ನಮೂದಾಗಿದೆಯೇ ಎಂದು ನೋಡುವುದು, ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಹೆಚ್ಚು ಭದ್ರ. ನಮ್ಮ ಕಡೆ ಬಹಳಷ್ಟು ಮನೆಗಳಲ್ಲಿ ಬೋರ್‌ವೆಲ್ಲಿನ ಗಡಸು ನೀರು. ಬಚ್ಚಲುಮನೆಯ ಬಾಗಿಲ ಹಿಡಿಯ ಮೇಲೆ ಅದರ ಬಿಳಿ ಕಲೆ ಕೂರುತ್ತದೆ, ತೆಳು ಲೇಪವಿದ್ದರೆ ಬೇಗ ಏಳುತ್ತದೆ. ಆ ಒಂದು ಬಾಗಿಲಿಗಾದರೂ ಲೇಪವಿಲ್ಲದ ಸ್ಟೀಲ್ ಹಿಡಿ ತೆಗೆದುಕೊಳ್ಳಬೇಕು.

ಭದ್ರಾ ನಾಲೆಯ ಭತ್ತದ ಗದ್ದೆಗಳು ಊರ ಸುತ್ತ ಇರುವುದರಿಂದ ದಾವಣಗೆರೆಯ ಅನೇಕ ಮನೆಗಳ ಮುಂಬಾಗಿಲಿಗೆ ಸೊಳ್ಳೆ ಪರದೆಯ ಹೆಚ್ಚುವರಿ ಬಾಗಿಲು ಇರುತ್ತದೆ. ಉಬ್ಬಿದ ಹಿಡಿ ಬಾಗಿಲಿನಿಂದ ಸುಮಾರು 50ರಿಂದ 65 ಮಿ.ಮೀ. ಹೊರಗೆ ಬರುತ್ತದೆ. ಎರಡು ಬಾಗಿಲುಗಳ ನಡುವೆ ಅಷ್ಟು ಜಾಗವಿದೆಯೇ ಎಂಬುದನ್ನು ಹಣ ಕೊಡುವ ಮುನ್ನ ಅಳೆಯಬೇಕು. ಬಾಗಿಲ ದಪ್ಪ, ಕಂಬಿ, ಈ ಅಂತರ, ಎಡ ಅಥವಾ ಬಲ: ಈ ನಾಲ್ಕನ್ನು ಚೀಟಿಯಲ್ಲಿ ಬರೆದುಕೊಂಡು ಹೋದವರಿಗೆ ಬದಲಾಯಿಸಿ ತರಲು ಮತ್ತೊಮ್ಮೆ ಪಿ.ಬಿ. ರಸ್ತೆಯ ಅಂಗಡಿಗೆ ಹೋಗುವ ಪ್ರಮೇಯ ಬರುವುದಿಲ್ಲ.

ಎತ್ತರ ಮತ್ತು ಗುರುತು

ಒತ್ತುವ ಹಿಡಿಯ ನಡುಬಿಂದು ನೆಲದಿಂದ 900ರಿಂದ 1,050 ಮಿ.ಮೀ. ಒಳಗೆ, ಎಂದರೆ ಸುಮಾರು ಮೂರು ಅಡಿಯಿಂದ ಮೂರೂವರೆ ಅಡಿಯೊಳಗೆ, ಇದ್ದರೆ ನಿಂತವರಿಗೂ ಗಾಲಿಕುರ್ಚಿಯಲ್ಲಿ ಕುಳಿತವರಿಗೂ ಕೈಗೆಟಕುತ್ತದೆ. ಹೊಸ ಮನೆಯಲ್ಲಿ ನೆಲದ ಟೈಲ್ಸ್ ಹಾಕುವ ಮೊದಲೇ ಬಾಗಿಲ ಕೆಲಸ ಮಾಡುವುದುಂಟು. ಟೈಲ್ಸ್ ಮತ್ತು ಅದರ ಕೆಳಗಿನ ಗಾರೆ ಸೇರಿ ನೆಲ ಎರಡು ಇಂಚಿನಷ್ಟು ಮೇಲಕ್ಕೇರಿದರೆ ಹಿಡಿ ಅಷ್ಟೇ ಕೆಳಗಾಗುತ್ತದೆ. ಆದ್ದರಿಂದ ನೆಲವನ್ನು ನಂಬದೆ ಕದದ ಕೆಳ ಅಂಚಿನಿಂದ ಅಳೆದು, ಒಂದೇ ಅಳತೆಯನ್ನು ಎಲ್ಲ ಬಾಗಿಲುಗಳಿಗೂ ಬಳಸಬೇಕು. ಪಡಸಾಲೆಯಲ್ಲಿ ನಿಂತಾಗ ಮೂರು ಬಾಗಿಲುಗಳ ಹಿಡಿಗಳು ಮೂರು ಎತ್ತರದಲ್ಲಿ ಕಂಡರೆ ಆ ಕೊರತೆ ದಿನವೂ ಕಣ್ಣಿಗೆ ಬೀಳುತ್ತದೆ.

ಹಲಗೆ ಜೋಡಿಸಿದ ಸಾಂಪ್ರದಾಯಿಕ ಬಾಗಿಲಾದರೆ ನಡುವಿನ ಅಡ್ಡಪಟ್ಟಿಯನ್ನು ಗಮನಿಸಬೇಕು. ಆ ಅಡ್ಡಪಟ್ಟಿಯ ಕೆತ್ತಿದ ತುದಿ ನಿಲುವು ಪಟ್ಟಿಯೊಳಗೆ ಹೋಗಿ ಕೂತಿರುತ್ತದೆ. ಬೀಗದ ಡಬ್ಬಿಗಾಗಿ ಅಲ್ಲಿಯೇ ಕೊರೆದರೆ ಬಾಗಿಲನ್ನು ಹಿಡಿದಿಟ್ಟ ಕೂಡಿಕೆಯನ್ನೇ ಕತ್ತರಿಸಿದಂತಾಗುತ್ತದೆ. ಎರಡು ಮೂರು ಇಂಚು ಮೇಲಕ್ಕೋ ಕೆಳಕ್ಕೋ ಸರಿಸುವುದೇ ಸರಿ, ಎತ್ತರದ ಲೆಕ್ಕ ಸ್ವಲ್ಪ ತಪ್ಪಿದರೂ ಚಿಂತೆಯಿಲ್ಲ. ಒಳಗೆ ಪೊಳ್ಳಾಗಿರುವ ಅಗ್ಗದ ಬಾಗಿಲಾದರೆ ಬೀಗಕ್ಕಾಗಿ ಮರದ ತುಂಡು ಇಟ್ಟಿರುವ ಜಾಗ ಯಾವುದೆಂದು ಗೆಣ್ಣಿನಿಂದ ಬಡಿದು, ಸದ್ದು ಗಟ್ಟಿಯಾಗುವ ಕಡೆ ಗುರುತು ಮಾಡಬೇಕು.

ಅಂಚಿನಿಂದ ಇರುವ ದೂರ ಇನ್ನೂ ಮುಖ್ಯವಾದುದು. ಎಳೆಯುವ ಹಿಡಿಯ ಕಂಬಿ ಕದದ ಅಂಚಿನಿಂದ ಕನಿಷ್ಠ 60ರಿಂದ 75 ಮಿ.ಮೀ. ಒಳಗಿರಬೇಕು, ಕಂಬಿಗೂ ಬಾಗಿಲಿಗೂ ನಡುವೆ ಬೆರಳು ತೂರಲು 35ರಿಂದ 40 ಮಿ.ಮೀ. ಬೇಕು. ಒತ್ತುವ ಹಿಡಿಯಲ್ಲಿ ಈ ದೂರವನ್ನು ಬೀಗವೇ ನಿಗದಿಪಡಿಸುತ್ತದೆ, ಆದುದರಿಂದ ಅಂಚಿಗೆ ತೀರ ಹತ್ತಿರ ತೂತು ಬರುವ ಕಿರಿದಾದ ಬೀಗವನ್ನು ಅಗಲ ಪಟ್ಟಿಯ ಬಾಗಿಲಿಗೆ ಕೊಳ್ಳಬಾರದು. ಪರೀಕ್ಷೆ ಸುಲಭ. ಹಿಡಿಯನ್ನು ಗುರುತಿನ ಮೇಲೆ ಒಬ್ಬರು ಒತ್ತಿ ಹಿಡಿಯಲಿ. ಮತ್ತೊಬ್ಬರು ಅದನ್ನು ಹಿಡಿದು ಬಾಗಿಲನ್ನು ನಿಧಾನವಾಗಿ ಮುಚ್ಚಿ ನೋಡಲಿ. ಗೆಣ್ಣಿಗೂ ಚೌಕಟ್ಟಿಗೂ ನಡುವೆ ಮತ್ತೊಂದು ಬೆರಳು ಹಿಡಿಸುವಷ್ಟು ಜಾಗ ಉಳಿಯಬೇಕು. ಮನೆಯಲ್ಲಿ ಅತಿ ದಪ್ಪ ಕೈಯಿರುವವರಿಂದಲೇ ಈ ಪರೀಕ್ಷೆ ಮಾಡಿಸಬೇಕು.

ಗುರುತು ಹಾಕುವ ಜಾಗಕ್ಕೆ ಮೊದಲು ಕಾಗದದ ಟೇಪ್ ಅಂಟಿಸಬೇಕು. ಪೆನ್ಸಿಲ್ ಗೆರೆ ಸ್ಪಷ್ಟವಾಗಿ ಕಾಣುತ್ತದೆ, ಪಾಲಿಶ್ ಮೇಲೆ ಕಲೆ ಉಳಿಯುವುದಿಲ್ಲ, ಕೊರೆಯುವಾಗ ಮೇಲ್ಪದರ ಸಿಬಿರೇಳುವುದೂ ಕಡಿಮೆಯಾಗುತ್ತದೆ. ಎಳೆಯುವ ಹಿಡಿಯ ಎರಡು ಕಾಲುಗಳ ನಡುವಿನ ದೂರವನ್ನು ಅಳತೆ ಟೇಪಿನಿಂದ ಅಳೆದರೆ ತಪ್ಪುವುದು ಹೆಚ್ಚು, ಏಕೆಂದರೆ ಬಾಗಿದ ಕಂಬಿ ಅಡ್ಡ ಬಂದು ಟೇಪ್ ನೇರ ಕೂರುವುದಿಲ್ಲ. ಇದಕ್ಕೆ ನಾನು ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಬಳಸುತ್ತೇನೆ. ಕಾಗದವನ್ನು ಮೇಜಿನ ಮೇಲಿಟ್ಟು, ಹಿಡಿಯ ಕಾಲುಗಳನ್ನು ಅದರ ಮೇಲೆ ಗಟ್ಟಿಯಾಗಿ ಒತ್ತಿದರೆ ಅಂಚಿನ ಅಚ್ಚು ಬೀಳುತ್ತದೆ. ತೂತಿನ ನಡುವನ್ನು ದಬ್ಬಳದಿಂದ ಚುಚ್ಚಿ, ಎರಡೂ ಚುಚ್ಚುಗಳನ್ನು ಸೇರಿಸಿ ಒಂದು ಗೆರೆ ಎಳೆದರೆ ಅದೇ ಅಚ್ಚುಕಾಗದ. ಆ ಗೆರೆಯನ್ನು ಬಾಗಿಲ ಮೇಲಿನ ನಿಲುಗೆರೆಗೆ ಹೊಂದಿಸಿ ಅಂಟಿಸಿದರೆ ಎರಡೂ ಕಾಲುಗಳು ಒಂದೇ ನೇರಕ್ಕೆ ಬೀಳುತ್ತವೆ. ಕಮಾನಿನ ಹಿಡಿಯಲ್ಲಿ ಒಂದು ಕಾಲು ಅರ್ಧ ನೂಲು, ಎಂದರೆ ಸುಮಾರು ಒಂದೂವರೆ ಮಿ.ಮೀ., ಪಕ್ಕಕ್ಕೆ ಸರಿದರೂ ಮೊದಲ ದಿನ ಕಾಣುವುದಿಲ್ಲ, ಬಾಗು ಅದನ್ನು ಮರೆಮಾಚುತ್ತದೆ. ಆದರೆ ಕಂಬಿ ಸದಾ ತಿರುಚಿಕೊಂಡ ಸ್ಥಿತಿಯಲ್ಲಿದ್ದು ತಿಂಗಳೊಪ್ಪತ್ತಿನಲ್ಲಿ ತಿರುಪು ಸಡಿಲಾಗುತ್ತದೆ.

ನಿಲುಗೆರೆಯನ್ನು ತೂಗುಗುಂಡಿನಿಂದ ಎಳೆಯಬೇಕೇ, ಬಾಗಿಲ ಅಂಚಿನಿಂದ ಅಳೆಯಬೇಕೇ ಎಂಬ ಪ್ರಶ್ನೆ ಹಳೆಯ ಮನೆಗಳಲ್ಲಿ ಏಳುತ್ತದೆ. ಹಳೆಪೇಟೆಯ ಕಡೆಯ ಮನೆಗಳಲ್ಲಿ ಚೌಕಟ್ಟು ಕಾಲಕ್ರಮದಲ್ಲಿ ಸ್ವಲ್ಪ ವಾಲಿರುವುದು ಸಹಜ. ಅಲ್ಲಿ ಅಂಚಿಗೆ ಸಮಾನಾಂತರವಾಗಿಯೇ ಹಿಡಿ ಹಾಕಬೇಕು, ಏಕೆಂದರೆ ನೋಡುವ ಕಣ್ಣು ಹಿಡಿಯನ್ನು ಭೂಮಿಗಲ್ಲ, ಪಕ್ಕದ ಅಂಚಿಗೆ ಹೋಲಿಸುತ್ತದೆ. ಮೂಲೆಮಟ್ಟವನ್ನು ಬಾಗಿಲ ಅಂಚಿಗೆ ಒತ್ತಿ, ಅಡ್ಡಗೆರೆಯನ್ನು ಒಂದು ಮುಖದಿಂದ ಅಂಚಿನ ಮೇಲೆ ಹಾಯಿಸಿ ಮತ್ತೊಂದು ಮುಖಕ್ಕೆ ಒಯ್ದರೆ ಎರಡೂ ಬದಿಯ ಹಿಡಿಗಳು ಎದುರುಬದುರಾಗುತ್ತವೆ.

ತೂತು ಕೊರೆಯುವುದು

ಪ್ರತಿ ನಡುಬಿಂದುವನ್ನೂ ದಬ್ಬಳದಿಂದ ಆಳವಾಗಿ ಚುಚ್ಚಿದ ಮೇಲೆಯೇ ಡ್ರಿಲ್ ಇಡಬೇಕು, ಇಲ್ಲದಿದ್ದರೆ ಸಾಗುವಾನಿಯ ಗೆರೆಗಳ ಮೇಲೆ ಬಿಟ್ ಜಾರುತ್ತದೆ. ಮರದ ತಿರುಪು 8ನೇ ನಂಬರಿನದಾದರೆ ಅದರ ದಪ್ಪ ಸುಮಾರು 4.2 ಮಿ.ಮೀ.; ಸಾಗುವಾನಿ, ಹೊನ್ನೆ, ಮತ್ತಿಯಂತಹ ಗಟ್ಟಿ ಮರಕ್ಕೆ 3 ಮಿ.ಮೀ. ಬಿಟ್, ಮೆದು ಮರಕ್ಕೆ 2.5 ಮಿ.ಮೀ. ಸಾಕು. ತಿರುಪಿನ ಉದ್ದಕ್ಕೆ ಸರಿಯಾಗಿ ಬಿಟ್ಟಿಗೆ ಟೇಪಿನ ಚೂರು ಸುತ್ತಿದರೆ ಎಷ್ಟು ಆಳ ಹೋಯಿತೆಂದು ತಿಳಿಯುತ್ತದೆ. ತೂತಿಲ್ಲದೆ ನೇರವಾಗಿ ತಿರುಪನ್ನು ಮಷಿನ್ನಿನಿಂದ ಹೊಡೆಯುವ ಅಭ್ಯಾಸ ಈಗ ಹೆಚ್ಚಾಗಿದೆ. ಪಟ್ಟಿ ಅಂಚಿನುದ್ದಕ್ಕೂ ಸೀಳುವುದು, ತಿರುಪಿನ ತಲೆ ಮುರಿಯುವುದು ಹೆಚ್ಚಾಗಿ ಇದರಿಂದಲೇ.

ಹಿತ್ತಾಳೆಯ ತಿರುಪುಗಳಿಗೆ ಇನ್ನೂ ಎಚ್ಚರ ಬೇಕು, ಅವು ಮೆದು. ಅದೇ ಅಳತೆಯ ಕಬ್ಬಿಣದ ತಿರುಪನ್ನು ಮೊದಲು ಒಳಗೆ ತಿರುಗಿಸಿ ದಾರಿ ಮಾಡಿ, ಅದನ್ನು ತೆಗೆದು ಹಿತ್ತಾಳೆಯದನ್ನು ಸಾಬೂನಿಗೋ ಮೇಣಕ್ಕೋ ಉಜ್ಜಿ ಕೈಯಿಂದ ತಿರುಗಿಸಬೇಕು. ಆಚಾರಿಗಳು ಈ ಕ್ರಮವನ್ನು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿದ್ದಾರೆ.

ಬಾಗಿಲನ್ನು ಹಾಯ್ದುಹೋಗುವ ತೂತಾದರೆ ಒಂದೇ ಬದಿಯಿಂದ ಪೂರ್ತಿ ಕೊರೆಯಬಾರದು. ಅರ್ಧಕ್ಕಿಂತ ತುಸು ಹೆಚ್ಚು ಈ ಕಡೆಯಿಂದ, ಉಳಿದುದನ್ನು ಆ ಕಡೆಯಿಂದ ಕೊರೆದರೆ ಎರಡೂ ಮುಖಗಳು ಅಂದವಾಗಿ ಉಳಿಯುತ್ತವೆ. ಹಾಗೆ ಮಾಡಲಾಗದಿದ್ದರೆ ಹಿಂಬದಿಗೆ ಒಂದು ಮರದ ತುಂಡನ್ನು ಬಲವಾಗಿ ಒತ್ತಿ ಹಿಡಿಸಬೇಕು. ಫ್ಲಶ್ ಬಾಗಿಲಿನ ತೆಳುವಾದ ತೇಗದ ಮೇಲ್ಪದರ ಸಿಬಿರೆದ್ದರೆ ಅದನ್ನು ಮುಚ್ಚಲು ಯಾವ ಪಾಲಿಶಿಗೂ ಆಗುವುದಿಲ್ಲ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳುವುದನ್ನು ಮರೆಯಬಾರದು.

ಭಾರವಾದ ಮುಂಬಾಗಿಲಿಗೆ ಎಳೆಯುವ ಹಿಡಿಯನ್ನು ಮುಂದಿನಿಂದ ಚಿಕ್ಕ ತಿರುಪು ಹಾಕಿ ನಿಲ್ಲಿಸುವುದಕ್ಕಿಂತ ಬೆನ್ನಿನಿಂದ ಬೋಲ್ಟ್ ತೂರಿಸಿ ಬಿಗಿಯುವುದು ಮೇಲು. ಎಳೆತವೆಲ್ಲ ತಿರುಪಿನ ಹಲ್ಲುಗಳ ಮೇಲೆ ಬೀಳುವ ಬದಲು ಬಾಗಿಲ ಪೂರ್ತಿ ದಪ್ಪದ ಮೇಲೆ ಬೀಳುತ್ತದೆ. ಬೋಲ್ಟಿನ ತಲೆಯ ಕೆಳಗೆ ಅಗಲ ವಾಷರ್ ಇಡಲೇಬೇಕು. ಬಚ್ಚಲುಮನೆಯ ಪಿವಿಸಿ ಬಾಗಿಲು ಒಳಗೆ ಪೊಳ್ಳಾಗಿರುವುದರಿಂದ ಅಲ್ಲಿ ಬೋಲ್ಟಿನ ಹೊರತು ಬೇರೆ ದಾರಿಯೇ ಇಲ್ಲ, ಮತ್ತು ಬಾಗಿಲು ಒಳಕ್ಕೆ ಕುಸಿಯುವಷ್ಟು ಬಿಗಿಯಬಾರದು.

ಬೀಗದ ಡಬ್ಬಿ, ಚೌಕ ಕಂಬಿ, ಹಿಡಿ

ಮಾರ್ಟಿಸ್ ಬೀಗಕ್ಕೆ ಬಾಗಿಲ ಅಂಚಿನ ನಟ್ಟನಡುವೆ ಗೆರೆ ಎಳೆದು, ಆ ಗೆರೆಯುದ್ದಕ್ಕೂ ಡಬ್ಬಿಯ ದಪ್ಪಕ್ಕೆ ಸರಿಯಾದ ಬಿಟ್ಟಿನಿಂದ ಒಂದರ ಪಕ್ಕ ಒಂದು ತೂತು ಕೊರೆದು, ನಡುವೆ ಉಳಿದ ಮರವನ್ನು ಉಳಿ ಮತ್ತು ಕೊಡತಿಯಿಂದ ತೆಗೆಯಬೇಕು. ಡಬ್ಬಿಯ ಎರಡೂ ಕಡೆ ಕನಿಷ್ಠ 8 ಮಿ.ಮೀ. ಮರ ಉಳಿಯಬೇಕು. ಡಬ್ಬಿ ಕೈಯಿಂದ ಒತ್ತಿದರೆ ಒಳಹೋಗಬೇಕು; ಸುತ್ತಿಗೆಯಿಂದ ಬಡಿದು ತುರುಕಿದರೆ ಒಳಗಿನ ಸ್ಪ್ರಿಂಗ್ ಸಿಕ್ಕಿಕೊಳ್ಳುತ್ತದೆ. ಡಬ್ಬಿಯನ್ನು ಬಾಗಿಲ ಮುಖಕ್ಕೆ ಆನಿಸಿ ಹಿಡಿದು ಚೌಕ ಕಂಬಿಯ ಜಾಗವನ್ನು ಗುರುತು ಮಾಡಿ, ಅಲ್ಲಿ 18ರಿಂದ 20 ಮಿ.ಮೀ. ತೂತು ಕೊರೆದರೆ ಕಂಬಿ ಮರಕ್ಕೆ ತಾಗದೆ ತಿರುಗುತ್ತದೆ.

ನಾಲಿಗೆಯ ಇಳಿಜಾರು ಮುಖ ಬಾಗಿಲು ಮುಚ್ಚುವಾಗ ಚೌಕಟ್ಟಿಗೆ ಮೊದಲು ತಾಗುವ ಕಡೆ ಇರಬೇಕು. ಉಲ್ಟಾ ಇದ್ದರೆ ಬಹಳಷ್ಟು ಬೀಗಗಳಲ್ಲಿ ನಾಲಿಗೆಯನ್ನು ಹೊರಕ್ಕೆಳೆದು ತಿರುಗಿಸಿ ಹಾಕಲು ಅವಕಾಶವಿರುತ್ತದೆ, ಡಬ್ಬಿ ಒಳಗೆ ಕೂರಿಸುವ ಮೊದಲೇ ಇದನ್ನು ಮಾಡಿಕೊಳ್ಳಬೇಕು.

ಕಂಬಿ ಎರಡೂ ಹಿಡಿಗಳ ಒಳಗೆ ತಲಾ 12ರಿಂದ 15 ಮಿ.ಮೀ. ಹೊಕ್ಕಿರಬೇಕು. ಉದ್ದ ಹೆಚ್ಚಾದರೆ ಬಿಲ್ಲೆ ಬಾಗಿಲಿಗೆ ಆನಿಕೊಳ್ಳದೆ ಎದ್ದು ನಿಲ್ಲುತ್ತದೆ. ಆಗ ತಿರುಪು ಬಿಗಿದು ಕೂರಿಸಲು ಯತ್ನಿಸದೆ, ಕಂಬಿಯನ್ನು ಹ್ಯಾಕ್ಸಾದಿಂದ ಕತ್ತರಿಸಿ ಅಂಚನ್ನು ಅರದಿಂದ ಉಜ್ಜಬೇಕು. ಉದ್ದ ಕಡಿಮೆಯಾದರೆ ಅದು ಇನ್ನೂ ಕೆಟ್ಟದು: ಒತ್ತಡವೆಲ್ಲ ತುದಿಯ ಚಿಕ್ಕ ಭಾಗದ ಮೇಲೆ ಬಿದ್ದು ಚೌಕದ ಮೂಲೆಗಳು ಸವೆದು ಹಿಡಿ ಸುಮ್ಮನೆ ತಿರುಗತೊಡಗುತ್ತದೆ. ಗಿಡ್ಡ ಕಂಬಿಯನ್ನು ಹಿಂದಿರುಗಿಸಿ ಉದ್ದನೆಯದನ್ನು ತರಬೇಕು.

ಎರಡೂ ಬದಿಯ ಹಿಡಿಗಳನ್ನು ಕಂಬಿಗೆ ಏರಿಸಿ, ಮೊದಲು ತಿರುಪುಗಳನ್ನು ಅರ್ಧ ಬಿಗಿದು ನಿಲ್ಲಿಸಬೇಕು. ಹಿಡಿಯನ್ನು ಹತ್ತು ಸಲ ಒತ್ತಿ ಬಿಡಿ. ಪ್ರತಿ ಸಲವೂ ತಾನಾಗಿ ಅಡ್ಡಸಮಕ್ಕೆ ಮರಳಬೇಕು. ಆಮೇಲೆ ಒಂದು ಬದಿಯ ಮೇಲಿನ ತಿರುಪು, ನಂತರ ಕೆಳಗಿನದು ಎಂಬಂತೆ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಪ್ರತಿ ಹಂತದಲ್ಲೂ ಹಿಡಿಯನ್ನು ಒತ್ತಿ ನೋಡಿ. ಯಾವ ತಿರುಪು ಬಿಗಿದಾಗ ಹಿಡಿ ಭಾರವಾಯಿತೋ ಅಲ್ಲಿ ಬಿಲ್ಲೆ ಪಕ್ಕಕ್ಕೆ ಎಳೆಯುತ್ತಿದೆ ಎಂದರ್ಥ. ಆ ತಿರುಪನ್ನು ಸಡಿಲಿಸಿ ಬಿಲ್ಲೆಯನ್ನು ಕೂದಲೆಳೆಯಷ್ಟು ಸರಿಸಿದರೆ ಸರಿಹೋಗುತ್ತದೆ. ಕೊನೆಗೆ ಹಿಡಿಯ ಕುತ್ತಿಗೆಯ ಕೆಳಭಾಗದಲ್ಲಿರುವ, ಹುಡುಕಿದರೆ ಮಾತ್ರ ಕಾಣುವ, ಅಲೆನ್ ಕೀ (ಆರು ಮೂಲೆಯ ಬಾಗಿದ ಕಡ್ಡಿ) ಹಾಕುವ ಚಿಕ್ಕ ತಿರುಪನ್ನು ಬಿಗಿಯಬೇಕು. ಆ ತಿರುಪು ಕಂಬಿಯ ಚಪ್ಪಟೆ ಮುಖದ ಮೇಲೆ ಕೂರಬೇಕು, ಮೂಲೆಯ ಮೇಲಲ್ಲ.

ಇಷ್ಟೆಲ್ಲ ಪರೀಕ್ಷೆಯನ್ನೂ ಬಾಗಿಲು ತೆರೆದಿಟ್ಟುಕೊಂಡೇ ಮಾಡಬೇಕು. ಎರಡೂ ಬದಿಯ ಹಿಡಿಯಿಂದ ನಾಲಿಗೆ ಪೂರ್ತಿ ಒಳಸರಿಯುತ್ತದೆ ಎಂದು ಖಾತ್ರಿಯಾಗುವವರೆಗೆ ಬಾಗಿಲು ಮುಚ್ಚಬಾರದು. ಸ್ನಾನದ ಕೋಣೆಯಲ್ಲಿ ಒಳಗೆ ಸಿಕ್ಕಿಕೊಂಡವರನ್ನು ಹೊರತರಲು ಹೊಸ ಬಾಗಿಲನ್ನೇ ಒಡೆದ ಮನೆಯನ್ನು ನಾನು ಕಂಡಿದ್ದೇನೆ.

ಚೌಕಟ್ಟಿನ ಕಡೆಯ ಕೆಲಸ

ನಾಲಿಗೆಯ ತುದಿಗೆ ಕಣ್ಣಿಗೆ ಹಚ್ಚುವ ಕಾಡಿಗೆಯನ್ನು ತೆಳುವಾಗಿ ಸವರಿ, ಹಿಡಿಯನ್ನು ಒತ್ತಿಹಿಡಿದು ಬಾಗಿಲು ಮುಚ್ಚಿ ಬಿಟ್ಟರೆ ಚೌಕಟ್ಟಿನ ಮೇಲೆ ಸರಿಯಾದ ಗುರುತು ಬೀಳುತ್ತದೆ. ಅಲ್ಲಿ, ನಾಲಿಗೆ ಹೋಗಿ ಕೂರುವ ಲೋಹದ ಪಟ್ಟಿಯ ಗೂಡನ್ನು ಕೊರೆಯಬೇಕು. ಇಲ್ಲಿ ನಮ್ಮ ಊರಿನ ಹವೆಯನ್ನು ಗಮನಕ್ಕೆ ತೆಗೆದುಕೊಳ್ಳಬೇಕು. ಬೇಸಿಗೆಯಲ್ಲಿ ದಾವಣಗೆರೆಯ ಒಣ ಬಿಸಿಲು 38–40 ಡಿಗ್ರಿ ಮುಟ್ಟುತ್ತದೆ, ಮರ ಕುಗ್ಗುತ್ತದೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಅದೇ ಬಾಗಿಲು ಉಬ್ಬಿ ಚೌಕಟ್ಟಿಗೆ ಉಜ್ಜುತ್ತದೆ. ಚಿತ್ರದುರ್ಗದ ಕಡೆ ಮಳೆ ಇನ್ನೂ ಕಡಿಮೆ, ಒಣಗಾಳಿ ಹೆಚ್ಚು. ಅಲ್ಲಿಯೂ ಹೊಸ ಮರ ಬೇಸಿಗೆಯಲ್ಲಿ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಹಿಡಿ ಕೂರಿಸುವವರು ಕದಕ್ಕೂ ಚೌಕಟ್ಟಿಗೂ ನಡುವೆ ಒಂದು ನೂಲು, ಎಂದರೆ ಸುಮಾರು 3 ಮಿ.ಮೀ., ಸಂದು ಇದೆಯೇ ಎಂದು ನೋಡಿಕೊಳ್ಳಬೇಕು. ಪಟ್ಟಿಯ ಗೂಡನ್ನು ಮೇಲೆ ಕೆಳಗೆ ಒಂದೊಂದು ಮಿ.ಮೀ. ಸಡಿಲವಾಗಿ ಬಿಟ್ಟರೆ ಮಳೆಗಾಲದಲ್ಲಿ ಬಿಜಾಗರಿ ತುಸು ಇಳಿದರೂ ನಾಲಿಗೆ ಸರಿಯಾಗಿ ಬೀಳುತ್ತದೆ. ಆಗಲೂ ನಾಲಿಗೆ ಪಟ್ಟಿಗೆ ಬಡಿಯುತ್ತಿದ್ದರೆ ಪಟ್ಟಿಯನ್ನು ಬಿಚ್ಚಿ ಅರದಿಂದ ಉಜ್ಜಬೇಕು, ಹಿಡಿಯನ್ನು ಮುಟ್ಟಬಾರದು.

ಬಾಗಿಲು ಪೂರ್ತಿ ತೆರೆದಾಗ ಹಿಡಿಯ ಉಬ್ಬು ಗೋಡೆಗೆ ಬಡಿದು ಗಾರೆ ಕಿತ್ತುಬರುತ್ತದೆ. ನೆಲಕ್ಕೋ ಗೋಡೆಗೋ ಬಾಗಿಲು ತಡೆಯೊಂದನ್ನು ಅದೇ ದಿನ ಹಾಕಿ ಮುಗಿಸಬೇಕು.

ಹಳೆಯ ತೂತು, ಆಮೇಲಿನ ಆರೈಕೆ

ಹಳೆಯ ಹಿಡಿ ತೆಗೆದ ಬಾಗಿಲಿನಲ್ಲಿ ಹೊಸ ತಿರುಪು ಹಳೆಯ ತೂತಿನ ಅಂಚಿಗೆ ಬಂದರೆ ನಿಲ್ಲುವುದಿಲ್ಲ. ಬೆಂಕಿಕಡ್ಡಿ ಇಲ್ಲವೆ ಕಾಗದ ತುರುಕುವುದು ನಾಲ್ಕು ದಿನದ ಉಪಾಯ. ತೂತನ್ನು 8 ಮಿ.ಮೀ.ಗೆ ಹಿಗ್ಗಿಸಿ, ಅಷ್ಟೇ ದಪ್ಪದ ಸಾಗುವಾನಿ ಗೂಟಕ್ಕೆ ಫೆವಿಕಾಲ್ ಹಚ್ಚಿ ಬಡಿದು, ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಮೇಲ್ಮೈಗೆ ಸಮವಾಗಿ ಕತ್ತರಿಸಿ ಹೊಸದಾಗಿ ಕೊರೆಯಬೇಕು.

ಹಬ್ಬದ ಹಿಂದಿನ ದಿನ ದೇವರ ಸಾಮಾನಿನ ಜೊತೆಗೆ ಹಿತ್ತಾಳೆಯ ಹಿಡಿಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕುವುದು ನಮ್ಮ ಮನೆಗಳಲ್ಲಿ ವಾಡಿಕೆ. ಬರಿಯ ಹಿತ್ತಾಳೆಗೆ ಅದು ಒಪ್ಪುತ್ತದೆ. ಆದರೆ ಈಗ ಬರುವ ಹಿಡಿಗಳ ಮೇಲೆ ಹೆಚ್ಚಾಗಿ ಪಾರದರ್ಶಕ ಲೇಪವಿರುತ್ತದೆ. ಹುಳಿ ತಾಗಿದರೆ ಅದು ಅಲ್ಲಲ್ಲಿ ಎದ್ದು, ಎದ್ದ ಕಡೆ ಹಿತ್ತಾಳೆ ಕಪ್ಪಾಗಿ ಮಚ್ಚೆ ಮಚ್ಚೆಯಾಗಿ ಕಾಣುತ್ತದೆ. ಇಂತಹವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಬಟ್ಟೆಯಿಂದ ಮುಗಿಸಬೇಕು. ಬಣ್ಣ ಬಳಿಸುವಾಗ ಹಿಡಿಯನ್ನು ಬಿಚ್ಚಿಸಿಯೇ ಬಳಿಸಬೇಕು, ಬಿಲ್ಲೆಯ ಸುತ್ತ ಒಣಗಿದ ಬಣ್ಣ ಅದನ್ನು ಬಾಗಿಲಿಗೆ ಅಂಟಿಸಿಬಿಡುತ್ತದೆ.

ಕೂರಿಸಿದ ಒಂದು ತಿಂಗಳಿಗೆ ಕುತ್ತಿಗೆಯ ತಿರುಪನ್ನೂ ಬಿಲ್ಲೆಯ ತಿರುಪುಗಳನ್ನೂ ಮತ್ತೊಮ್ಮೆ ಬಿಗಿಯಬೇಕು, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ. ಇದಕ್ಕೆ ಬೇಕಾಗುವ ಅಲೆನ್ ಕೀ ಸಾಮಾನ್ಯವಾಗಿ ಪೆಟ್ಟಿಗೆಯ ಜೊತೆಗೇ ಕಸಕ್ಕೆ ಹೋಗಿರುತ್ತದೆ. ನಮ್ಮ ಮನೆಯಲ್ಲಿ ಅದನ್ನು ಮಿಕ್ಕ ತಿರುಪುಗಳ ಜೊತೆ ಚಿಕ್ಕ ಡಬ್ಬಿಯೊಂದರಲ್ಲಿ ಹಾಕಿ, ಮೇಲೆ ಯಾವ ಬಾಗಿಲಿನದೆಂದು ಬರೆದು, ಮೀಟರ್ ಬೋರ್ಡಿನ ಕೆಳಗಿನ ಗೂಡಿನಲ್ಲಿ ಇಟ್ಟಿದ್ದೇನೆ.